ವ್ಯಸನಶೋಧನೆಯೂ ಸಹಾಯಧನವೂ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸು ಉಣಕಲ್ಲ ಕೆರೆಯನ್ನು ಹಿಂದಿಕ್ಕಿ ಕೆಲಹೊತ್ತು ಸಾಗಿದ ಮೇಲೆ ಎದುರಾಗುವ ನವನಗರವು, 1962ರಲ್ಲಿ ಒಂದೇ ಮಹಾನಗರಪಾಲಿಕೆಯ ಅಧೀನಕ್ಕೆ ಬಂದ ಎರಡು ಹಳೆಯ ಊರುಗಳ ನಡುವೆ ಯೋಜಿತವಾಗಿ ಎದ್ದ ಬಡಾವಣೆಯಾದುದರಿಂದಲೋ ಏನೋ, ಎರಡಕ್ಕೂ ಸಲ್ಲತಕ್ಕ ಹಲವು ಸಂಸ್ಥೆಗಳಿಗೆ ನೆಲೆಯಾಗಿದೆ. ಉತ್ತರ ಕರ್ನಾಟಕದ ನಾನಾ ಜಿಲ್ಲೆಗಳ ರೋಗಿಗಳು ಬಂದು ಸೇರುವ ಕ್ಯಾನ್ಸರ್ ಆಸ್ಪತ್ರೆ ಇಲ್ಲಿದೆ. ಅವಳಿ ನಗರದ ಪೊಲೀಸ್ ಆಯುಕ್ತರ ಕಚೇರಿ ಇಲ್ಲಿದೆ. 2009ರಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯವೂ ಇಲ್ಲಿಯೇ. ಆಸ್ಪತ್ರೆಯಲ್ಲಿ ಬಾಯಿ ತೆರೆದು ಕುಳಿತವನನ್ನು ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಅವನು ತಂಬಾಕು ಹಾಕಿಕೊಳ್ಳುತ್ತಾನೆಯೇ, ಕುಡಿಯುತ್ತಾನೆಯೇ ಎಂಬುದು. ನಡುರಾತ್ರಿಯಲ್ಲಿ ಹಿಡಿದು ತಂದ ತರುಣನನ್ನು ಪೊಲೀಸರು ಕೇಳುವುದೂ ಹೆಚ್ಚು ಕಡಮೆ ಇದನ್ನೇ. ಶಬ್ದಗಳು ಸಮಾನವಾದರೂ, ಮೊದಲನೆಯವನಿಗೆ ನಿಜ ನುಡಿಯುವುದರಿಂದ ಲಾಭವೂ ಎರಡನೆಯವನಿಗೆ ಅದರಿಂದಲೇ ನಷ್ಟವೂ ಒದಗುವುದರಿಂದ, ಇವೆರಡನ್ನೂ ಒಂದೇ ಪ್ರಶ್ನೆಯೆಂದು ಎಣಿಸುವುದು ಅವೈಜ್ಞಾನಿಕವಾದೀತು. ಬಡವರಿಗೆ ಹಣ ಕೊಡುವ ಸರ್ಕಾರವು ಮೂರನೆಯ ಪೃಚ್ಛಕನಾಗಿ ಬಂದು, ಕೊಡುವ ಮೊದಲು ಇದೇ ಪ್ರಶ್ನೆಯನ್ನು ಹಾಕಿದರೆ ಏನಾದೀತೆಂಬುದೇ ಈ ಅಧ್ಯಾಯದ ವಿಚಾರ.

ನಮ್ಮಲ್ಲಿ ಆ ಪ್ರಶ್ನೆ ಇನ್ನೂ ಅರ್ಜಿಯ ನಮೂನೆಯನ್ನು ಹೊಕ್ಕಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಗೊಂಡ ಗೃಹಲಕ್ಷ್ಮಿ ಯೋಜನೆಯು, ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ದಾಖಲಾದ ಸ್ತ್ರೀಗೆ ತಿಂಗಳಿಗೆ 2,000 ರೂಪಾಯಿಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುತ್ತದೆ. ಫಲಾನುಭವಿಗಳು ಒಂದು ಕೋಟಿಗೂ ಮಿಕ್ಕವರು. ಆಕೆಯಾಗಲಿ ಆಕೆಯ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರೇ, ಜಿಎಸ್‌ಟಿ ಲೆಕ್ಕಪತ್ರ ಸಲ್ಲಿಸುವವರೇ ಎಂದು ಸರ್ಕಾರ ವಿಚಾರಿಸುತ್ತದೆಯೇ ಹೊರತು, ಆಕೆಯ ಮೂತ್ರದಲ್ಲಿ ಏನಿದೆಯೆಂದು ವಿಚಾರಿಸುವುದಿಲ್ಲ. 65 ವರ್ಷ ಮೀರಿದ ನಿರ್ಗತಿಕರಿಗಾಗಿ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ವೇತನದಲ್ಲಿಯೂ ವಿಚಾರಣೆ ವಯಸ್ಸಿನದು, ಆದಾಯದ್ದು. ಅದೇ ವರ್ಷದ ಜುಲೈ 1ರಿಂದ ಸರ್ಕಾರ ಸಾರಾಯಿ ಮಾರಾಟವನ್ನು ನಿಲ್ಲಿಸಿತೆಂಬುದನ್ನೂ, ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂದು ಕುಳಿತು ಅಬಕಾರಿ ವರಮಾನ ಇಂದು ವರ್ಷಕ್ಕೆ ಮೂವತ್ತು ಸಾವಿರ ಕೋಟಿ ರೂಪಾಯಿಗಳನ್ನು ಮೀರಿದೆಯೆಂಬುದನ್ನೂ ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಎಡಗೈಯಿಂದ ಮದ್ಯವನ್ನು ಮಾರಿ ಬಲಗೈಯಿಂದ ಸಹಾಯಧನ ನೀಡುವ ಸರ್ಕಾರವೊಂದು, ಆ ಧನವನ್ನು ಪಡೆಯುವವರು ಕುಡಿಯದವರೇ ಆಗಿರಬೇಕೆಂದು ವಿಧಿಸಹೊರಟರೆ, ಆ ವಿಧಿಯ ಶಾಸ್ತ್ರೀಯತೆಯನ್ನು ಚರ್ಚಿಸುವುದಕ್ಕೆ ಮುಂಚೆಯೇ ಯಾರಾದರೂ ನಗಬಹುದು.

ಆದರೂ ಕಟ್ಟೆಯ ಮೇಲಿನ ಹರಟೆಯಲ್ಲಿ ಈ ಬೇಡಿಕೆ ಆಗಾಗ ಕೇಳಿಬರುತ್ತದೆ: “ಹಂಗ ರೊಕ್ಕಾ ಕೊಟ್ರ ಕುಡುದು ಹಾಳ ಮಾಡ್ತಾರ, ಮೊದ್ಲ ಟೆಸ್ಟ್ ಮಾಡಿ ಕೊಡ್ರಿ.” ಹೀಗೆನ್ನುವವರು ಬಹುಶಃ ಅರಿಯದಿರುವ ಸಂಗತಿಯೆಂದರೆ, ಈ ಪ್ರಯೋಗವನ್ನು ಬೇರೊಂದು ದೇಶ ಈಗಾಗಲೇ ಮಾಡಿ, ಅದರ ಲೆಕ್ಕವನ್ನು ನ್ಯಾಯಾಲಯದ ಮುಂದೆ ತೆರೆದಿಟ್ಟಿದೆ.

ಅಮೆರಿಕದ ಸಂಯುಕ್ತ ಸಂಸ್ಥಾನವು 1996ರಲ್ಲಿ ತನ್ನ ಬಡಕುಟುಂಬಗಳ ಸಹಾಯಧನ ಪದ್ಧತಿಯನ್ನು ಬುಡಮೇಲು ಮಾಡಿ ಹೊಸ ಶಾಸನವನ್ನು ರಚಿಸಿದಾಗ, ಧನ ಪಡೆಯುವವರನ್ನು ಮಾದಕಪದಾರ್ಥಗಳಿಗಾಗಿ ಪರೀಕ್ಷಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಮೊದಲು ಸಾರ್ವತ್ರಿಕ ಪರೀಕ್ಷೆಗೆ ಕೈಯಿಕ್ಕಿದ ಮಿಶಿಗನ್ ರಾಜ್ಯದ ಯೋಜನೆ 1999ರ ಅಕ್ಟೋಬರಿನಲ್ಲಿ ತೊಡಗಿ, ನವೆಂಬರಿನಲ್ಲಿಯೇ ನ್ಯಾಯಾಲಯದ ತಡೆಯಾಜ್ಞೆಯಿಂದ ನಿಂತಿತು. ಹನ್ನೆರಡು ವರ್ಷಗಳ ಬಳಿಕ ಫ್ಲಾರಿಡಾ ರಾಜ್ಯ, ಗವರ್ನರ್ ರಿಕ್ ಸ್ಕಾಟ್ ಅವರ ಉತ್ಸಾಹದಿಂದ, 2011ರ ಜುಲೈ 1ರಿಂದ ಅರ್ಜಿದಾರರೆಲ್ಲರಿಗೂ ಮೂತ್ರಪರೀಕ್ಷೆಯನ್ನು ಕಡ್ಡಾಯ ಮಾಡಿತು. ಪರೀಕ್ಷೆಯ ಶುಲ್ಕವನ್ನು ಅರ್ಜಿದಾರನೇ ಮುಂಗಡವಾಗಿ ತೆರಬೇಕು; ಶುದ್ಧನೆಂದು ಸಿದ್ಧಪಟ್ಟರೆ ಅದು ಮರಳಿ ಬರುತ್ತದೆ; ಸಿದ್ಧಪಡದಿದ್ದರೆ ಒಂದು ವರ್ಷ ಸಹಾಯವಿಲ್ಲ. ಲೂಯಿಸ್ ಲೆಬ್ರನ್ ಎಂಬ ಮಾಜಿ ನೌಕಾಸೈನಿಕನು, ತಾನು ಯಾವ ಮಾದಕವಸ್ತುವನ್ನೂ ಸೇವಿಸದಿದ್ದರೂ ಪರೀಕ್ಷೆಗೆ ಒಳಪಡಲಾರೆನೆಂದು ನ್ಯಾಯಾಲಯದ ಮೆಟ್ಟಿಲೇರಿದನು; ಅಕ್ಟೋಬರಿನಲ್ಲಿ ತಡೆಯಾಜ್ಞೆಯಾಯಿತು; 2014ರ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಶಾಸನವನ್ನು ಸಂವಿಧಾನಬಾಹಿರವೆಂದಿತು. ಶಾಸನವು ಜಾರಿಯಲ್ಲಿದ್ದ ಕೆಲವೇ ತಿಂಗಳುಗಳಲ್ಲಿ ಪರೀಕ್ಷೆಗೊಳಗಾದವರು 4,046 ಮಂದಿ. ಅವರಲ್ಲಿ ಮಾದಕಾಂಶ ಕಂಡುಬಂದವರು 108 ಮಂದಿ, ಅಂದರೆ ನೂರಕ್ಕೆ ಮೂರೂ ಇಲ್ಲ. ಉಳಿದವರಿಗೆ ಶುಲ್ಕ ಹಿಂದಿರುಗಿಸಲು ಬೊಕ್ಕಸ ತೆತ್ತದ್ದು ಒಂದು ಲಕ್ಷ ಡಾಲರಿಗೂ ಮಿಗಿಲು. ಅದೇ 2011ರಲ್ಲಿ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹನ್ನೆರಡು ವರ್ಷ ಮೀರಿದ ಪ್ರಜೆಗಳ ಪೈಕಿ ಹಿಂದಿನ ಒಂದು ತಿಂಗಳಲ್ಲಿ ನಿಷಿದ್ಧ ಮಾದಕವನ್ನು ಸೇವಿಸಿದೆವೆಂದು ತಾವಾಗಿ ಒಪ್ಪಿಕೊಂಡವರು ನೂರಕ್ಕೆ 8.7 ಮಂದಿ ಇದ್ದರು. ಮೂತ್ರವನ್ನು ಅಳೆಯುವುದೂ ಬಾಯ್ಮಾತನ್ನು ಕೇಳುವುದೂ ಭಿನ್ನ ಮಾನಗಳಾದುದರಿಂದ ಈ ಎರಡು ಅಂಕಿಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಡುವುದು ಸರಿಯಲ್ಲ; ಆದರೂ, ಸಹಾಯ ಬೇಡುವವರೆಲ್ಲ ವ್ಯಸನಿಗಳೆಂಬ ಊಹೆಗೆ ಇಲ್ಲಿ ಆಧಾರವೇನೂ ಸಿಗುವುದಿಲ್ಲ. ಜಾರ್ಜಿಯಾ ರಾಜ್ಯವು ಚುನಾವಣೆಗೆ ನಿಲ್ಲುವವರ ಮೂತ್ರವನ್ನು ಪರೀಕ್ಷಿಸಬೇಕೆಂದು ವಿಧಿಸಿದ್ದನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ರದ್ದುಪಡಿಸಿತ್ತೆಂಬುದನ್ನು ಓದಿದಾಗ, ಶಾಸಕರು ತಮಗೆ ದೊರೆತ ಅಭಯವನ್ನು ಬಡವರಿಗೆ ಹಂಚಲು ಅಷ್ಟೊಂದು ಹಿಂಜರಿದರೇಕೆಂದು ಯೋಚಿಸುವಂತಾಗುತ್ತದೆ.

ಇನ್ನು ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ. ಬೆರಳಗಲದ ಪ್ಲಾಸ್ಟಿಕ್ ಪಟ್ಟಿ. ಒಂದು ತುದಿಯಲ್ಲಿ ಮೂರು ಹನಿ ಮೂತ್ರವನ್ನು ಬಿಡುವ ಕುಳಿ. ನಡುವೆ ಕಾಗದದ ಕಿಟಕಿ. ದ್ರವವು ಕಾಗದದ ನಾರುಗಳ ಮೂಲಕ ಮೆಲ್ಲಗೆ ಏರುತ್ತ, ದಾರಿಯಲ್ಲಿ ಒಣಗಿಸಿ ಇಟ್ಟಿರುವ ವರ್ಣಯುಕ್ತ ಪ್ರತಿಕಾಯಗಳನ್ನು ತನ್ನೊಡನೆ ಎತ್ತಿಕೊಂಡು ಹೋಗುತ್ತದೆ. ಕಿಟಕಿಯ ಒಂದು ಗೆರೆಯ ಸ್ಥಾನದಲ್ಲಿ ಮಾದಕಪದಾರ್ಥದ ಅಣುಗಳನ್ನೇ ಕಾಗದಕ್ಕೆ ಅಂಟಿಸಿಡಲಾಗಿದೆ. ಮೂತ್ರದಲ್ಲಿ ಮಾದಕವಿಲ್ಲದಿದ್ದರೆ ಪ್ರತಿಕಾಯಗಳು ಬಂದು ಆ ಗೆರೆಗೆ ಅಂಟಿಕೊಂಡು ಬಣ್ಣ ಮೂಡುತ್ತದೆ. ಇದ್ದರೆ, ಬಸ್ ನಿಲ್ದಾಣಕ್ಕೆ ಬರುವ ಮೊದಲೇ ಸೀಟುಗಳ ಮೇಲೆಲ್ಲ ಟವೆಲ್ ಬಿದ್ದಿರುವಂತೆ, ಪ್ರತಿಕಾಯಗಳ ಕೈಗಳೆಲ್ಲ ದಾರಿಯಲ್ಲಿಯೇ ತುಂಬಿಹೋಗಿ, ಗೆರೆಯ ಸ್ಥಾನ ಬೋಳಾಗಿ ಉಳಿಯುತ್ತದೆ. ಆದುದರಿಂದ ಈ ಪಟ್ಟಿಯಲ್ಲಿ ಗೆರೆ ಕಂಡರೆ ನಿರಪರಾಧ, ಕಾಣದಿದ್ದರೆ ಅನುಮಾನ. ಗರ್ಭಪರೀಕ್ಷೆಯ ಪಟ್ಟಿಯನ್ನು ಓದಿ ರೂಢಿಯಾದ ಕಣ್ಣಿಗೆ ಇದು ತಲೆಕೆಳಗು. ಗೆರೆ ಅತಿ ಮಸುಕಾಗಿದ್ದರೂ ಅದು ನಿರಪರಾಧವೇ ಎಂಬ ನಿಯಮವನ್ನು, ಬೆಳಗಿನಿಂದ ನೂರು ಪಟ್ಟಿಗಳನ್ನು ನೋಡಿ ದಣಿದ ಗುಮಾಸ್ತನೊಬ್ಬನು ಮಧ್ಯಾಹ್ನದ ಹೊತ್ತಿಗೆ ಮರೆತುಬಿಡುವುದು ಅಸಂಭವವಲ್ಲ.

ಪ್ರತಿಕಾಯಗಳು ಅಣುವಿನ ಆಕೃತಿಯನ್ನು ತಡವಿ ಗುರುತಿಸುವುದರಿಂದ, ಸಮಾನಾಕೃತಿಯ ಬೇರೆ ಅಣುಗಳಿಂದ ಮೋಸಹೋಗುವುದುಂಟು. ಎದೆಯುರಿಗೆ ಜನ ನುಂಗುತ್ತಿದ್ದ ರಾನಿಟಿಡಿನ್ ಮಾತ್ರೆಯೂ ಶೀತಕ್ಕೆ ಕೊಡುವ ಸ್ಯೂಡೋಎಫೆಡ್ರಿನ್ ಔಷಧವೂ ಆಂಫೆಟಮೀನಿನ ಸುಳ್ಳು ಸುಳಿವನ್ನು ಕೊಡಬಲ್ಲವು. ಬೇರೆ ಬಗೆಯದಾದರೂ ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರದ ಉದಾಹರಣೆ ಗಸಗಸೆಯದು. ಅಫೀಮಿನ ಗಿಡದ ಈ ಬೀಜಗಳಲ್ಲಿ ಮಾರ್ಫೀನಿನ ಲೇಶವು ಅಂಟಿರುವುದರಿಂದ, ಗಸಗಸೆಯನ್ನು ಉಂಡವರು ಅಫೀಮು ಸೇವಿಸಿದವರೆಂದು ಗಣಿತರಾಗುತ್ತಿದ್ದ ಕಾರಣ, 1998ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ತನ್ನ ನೌಕರರ ಪರೀಕ್ಷೆಯ ಮಿತಿಯನ್ನು ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2,000ಕ್ಕೆ ಏರಿಸಬೇಕಾಯಿತು. ಬೆಂಗಳೂರಿನ ಮದುವೆಯ ಊಟದಲ್ಲಿ ಎರಡು ಲೋಟ ಗಸಗಸೆ ಪಾಯಸವನ್ನು ಕುಡಿದು ಮಧ್ಯಾಹ್ನ ಗೊರಕೆ ಹೊಡೆಯುವ ಸಜ್ಜನರನ್ನು ಹಳೆಯ ಮಿತಿಯಿಂದ ಅಳೆದಿದ್ದರೆ ಎಷ್ಟು ಮಂದಿ ಕಳಂಕಿತರಾಗುತ್ತಿದ್ದರೋ! ಸಮಾನಾಕೃತಿಯ ಅಣುಗಳಿಂದಾಗುವ ತಪ್ಪುಗಳನ್ನು ನಿವಾರಿಸಲು, ಅಣುವನ್ನು ಚೂರುಮಾಡಿ ಚೂರುಗಳ ತೂಕದಿಂದ ಅದರ ಗುರುತು ಹಿಡಿಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿಯ ಜೋಡಿಯಂತ್ರವುಂಟು. ಅದು ನಂಬತಕ್ಕದ್ದು, ಆದರೆ ದುಬಾರಿಯಾದುದು, ನಿಧಾನವಾದುದು.

ಯಂತ್ರ ನಿರ್ದುಷ್ಟವಾಗಿದ್ದರೂ ದೇಹವು ಸಾಕ್ಷ್ಯವನ್ನು ತನಗೆ ತೋಚಿದಂತೆ ಉಳಿಸಿಕೊಳ್ಳುತ್ತದೆ, ಅಳಿಸುತ್ತದೆ. ಗಾಂಜಾದ ಸಾರ ಕೊಬ್ಬಿನಲ್ಲಿ ಕರಗುವಂಥದು. ನಿತ್ಯ ಸೇವಿಸುವವನು ಬಿಟ್ಟ ಮೇಲೂ ಅದರ ಶೇಷವು ವಾರಗಟ್ಟಲೆ ಮೂತ್ರದಲ್ಲಿ ಇಳಿಯುತ್ತಿರುತ್ತದೆ. ಹೋಳಿಹುಣ್ಣಿಮೆಯ ಐದನೆಯ ದಿನ ಹುಬ್ಬಳ್ಳಿಯ ಓಣಿಗಳಲ್ಲಿ ರಂಗಪಂಚಮಿಯ ಬಣ್ಣ ಹಾರುವಾಗ ಯಾರಾದರೊಬ್ಬರು ಭಂಗಿಯ ಲೋಟವನ್ನು ಎತ್ತಿದರೆ, ಆ ಒಂದೇ ಲೋಟದ ಗುರುತು ಬಣ್ಣವೆಲ್ಲ ತೊಳೆದುಹೋದ ಬಳಿಕವೂ ಮೂರು ನಾಲ್ಕು ದಿನ ಉಳಿಯಬಹುದು. 1985ರ ಎನ್‌ಡಿಪಿಎಸ್ ಕಾಯಿದೆಯು ಗಾಂಜಾವನ್ನೂ ಚರಸನ್ನೂ ನಿಷೇಧಿಸಿ, ಬರಿಯ ಎಲೆಯನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಭಂಗಿಯು ಆ ಕಾಯಿದೆಯಡಿ ನಿಷಿದ್ಧವಲ್ಲವೆಂದು 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಜಾಮೀನಿನ ಪ್ರಕರಣವೊಂದರಲ್ಲಿ ನುಡಿಯಿತು. ಆದರೆ ಮೂತ್ರದಲ್ಲಿ ಎಲೆಗೂ ಮೊಗ್ಗಿಗೂ ಭೇದವಿಲ್ಲ. ಕಾಯಿದೆಯ ವಿವೇಕ ಪಟ್ಟಿಗೆ ತಿಳಿಯದು. ಇತ್ತ, ದಿನವೂ ಸಂಜೆ ಒಂದು ಕ್ವಾರ್ಟರನ್ನು ಮುಗಿಸುವವನ ವಿಷಯ ನೋಡಿ. ನಮ್ಮ ವಿಸ್ಕಿಯಲ್ಲಿ ಮದ್ಯಸಾರ ನೂರಕ್ಕೆ 42.8 ಪಾಲು, 180 ಮಿಲಿಲೀಟರಿನಲ್ಲಿ ಅದರ ತೂಕ ಸುಮಾರು 60 ಗ್ರಾಮ್, ಯಕೃತ್ತು ಗಂಟೆಗೆ ಏಳೆಂಟು ಗ್ರಾಮಿನಂತೆ ಅದನ್ನು ಉರಿಸುತ್ತ ಹೋದರೆ ಮರುದಿನ ಮುಂಜಾನೆಯ ಹೊತ್ತಿಗೆ ರಕ್ತ ಸ್ವಚ್ಛ. ಹತ್ತು ಗಂಟೆಗೆ ಕಚೇರಿ ತೆರೆಯುವಾಗ ಅವನು ಯಾವ ಸಾಮಾನ್ಯ ಪರೀಕ್ಷೆಯನ್ನೂ ಸಲೀಸಾಗಿ ಗೆಲ್ಲುತ್ತಾನೆ. ಸಂಸಾರವನ್ನು ಸುಡುತ್ತಿರುವ ವ್ಯಸನ ಪಾರಾಗಿ, ಹಬ್ಬದ ಲೋಟ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದದ್ದು ಸಹ ಸೇವನೆಯೇ ಹೊರತು ವ್ಯಸನವಲ್ಲ. ವ್ಯಸನವೆಂಬುದು ಮನಸ್ಸಿನ, ಅಭ್ಯಾಸದ, ಬಿಡಲಾರದ ಸಂಕಟದ ಹೆಸರಾಗಿರುವುದರಿಂದ, ಅದನ್ನು ತೋರುವ ಮೂತ್ರಪಟ್ಟಿಯನ್ನು ಯಾರೂ ತಯಾರಿಸಿಲ್ಲ.

ಆದಕಾರಣವೇ ವೈದ್ಯರು ಪಟ್ಟಿಗಿಂತ ಪ್ರಶ್ನೆಗಳನ್ನು ಹೆಚ್ಚು ನಂಬಿದರು. ಜಾನ್ ಯೂಯಿಂಗ್ ಎಂಬ ಮನೋವೈದ್ಯರು ರೂಪಿಸಿದ ನಾಲ್ಕೇ ಪ್ರಶ್ನೆಗಳ ಸರಳ ಸಾಧನವೊಂದುಂಟು: ಕುಡಿತ ಕಡಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ, ಇತರರ ಟೀಕೆ ಕಿರಿಕಿರಿಯಾಗಿದೆಯೇ, ತಪ್ಪಿತಸ್ಥ ಭಾವ ಕಾಡಿದೆಯೇ, ಮುಂಜಾನೆ ಎದ್ದೊಡನೆ ಬೇಕೆನಿಸಿದೆಯೇ. ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇನ್ನೂ ಸೂಕ್ಷ್ಮವಾದುದು. ಸೊನ್ನೆಯಿಂದ 40ರವರೆಗಿನ ಅಂಕಗಳಲ್ಲಿ ಎಂಟನ್ನು ಮುಟ್ಟಿದವರ ಕುಡಿತವನ್ನು ಅಪಾಯದ ದಾರಿ ಹಿಡಿದದ್ದೆಂದು ಭಾವಿಸಲಾಗುತ್ತದೆ. ಅದರ ಒಂದು ಪ್ರಶ್ನೆ, ಒಂದೇ ಕೂಟದಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಪ್ರಮಾಣಗಳನ್ನು ಎಷ್ಟು ಸಲ ಕುಡಿಯುತ್ತೀರೆಂಬುದು. ಒಂದು ಪ್ರಮಾಣವೆಂದರೆ ಹತ್ತು ಗ್ರಾಮ್ ಮದ್ಯಸಾರ. ಮೇಲಿನ ಲೆಕ್ಕವನ್ನು ನೆನಪಿಟ್ಟ ಓದುಗರು, ನಮ್ಮ ಅವಳಿ ನಗರದ ದುಡಿಯುವ ಗಂಡಸಿಗೆ “ಬರೇ ಒಂದು ಕ್ವಾರ್ಟರ್” ಎಂಬುದೇ ಈ ಆರರ ಗಡಿಯೆಂಬುದನ್ನು ತಾವೇ ಕಂಡುಕೊಂಡಿರಬಹುದು. ಕೇಳಿದರೆ ಅವನು ಮಾತ್ರ ಒಂದೆಂದೇ ಹೇಳುತ್ತಾನೆ, ಅದೂ ಪ್ರಾಮಾಣಿಕವಾಗಿ.

ಈ ಪ್ರಶ್ನಾವಳಿಗಳು ಸತ್ಯವನ್ನು ಹೊರತರುವುದು, ಉತ್ತರ ಕೊಡುವವನಿಗೆ ಸುಳ್ಳಾಡಲು ಕಾರಣವಿಲ್ಲದಿರುವಾಗ. ಅವುಗಳ ಸೂಕ್ಷ್ಮತೆಯನ್ನೂ ನಿರ್ದಿಷ್ಟತೆಯನ್ನೂ ಅಳೆದು ಗ್ರಂಥಸ್ಥ ಮಾಡಿರುವುದು ಚಿಕಿತ್ಸಾಲಯಗಳಲ್ಲಿ. ಅಂಥ ಅಂಕಿಗಳನ್ನು ಕಿತ್ತುತಂದು ಹಣದ ಕಿಂಡಿಯ ಮುಂದೆ ನೆಟ್ಟರೆ ಅವು ಬೇರುಬಿಡುವುದಿಲ್ಲ. ಗೃಹಲಕ್ಷ್ಮಿಯ ಅರ್ಜಿ ಹಿಡಿದು ಕರ್ನಾಟಕ ಒನ್ ಕೇಂದ್ರದ ಮುಂದೆ ಪಾಳಿ ಹಚ್ಚಿದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಸೆರಗಿನ ತುದಿಯಲ್ಲಿ ಆಧಾರ್ ಕಾರ್ಡು, ಪಡಿತರ ಚೀಟಿ, ಪಾಸ್‌ಬುಕ್ಕು, ಬಗಲಲ್ಲಿ ಕೂಸು. ಕಿಂಡಿಯ ಹುಡುಗನು ತೆರೆಯ ಮೇಲೆ ಹೊಸದಾಗಿ ಮೂಡಿದ ಪ್ರಶ್ನೆಯನ್ನು ಓದುತ್ತಾನೆ: “ಅಕ್ಕಾರ, ನೀವು ಕುಡಿತೀರೇನ್ರೀ?” ಹಿಂದೆ ನಿಂತ ಹತ್ತಿಪ್ಪತ್ತು ಮಂದಿಯ ಕಿವಿಗಳು ನಿಮಿರುತ್ತವೆ. “ಏನ ಕೇಳ್ತೀಪಾ ಯಪ್ಪಾ! ಕುಡಿಯೋರು ನಮ್ಮನಿಯವ್ರು, ಅದಕ್ಕ ನಾ ಇಲ್ಲಿ ಬಂದ ನಿಂತೀನಿ.” ಅವಳ ಉತ್ತರದಲ್ಲಿ ಈ ವಿಷಯದ ಮುಕ್ಕಾಲು ಭಾಗ ಅಡಗಿದೆ. ಹಣವನ್ನು ಬೇಡುವವಳು ಕುಡಿಯುವವಳಲ್ಲ. ಕುಡಿಯುವವನು ಅರ್ಜಿಯ ನಮೂನೆಯಲ್ಲಿ ಗಂಡನ ಹೆಸರಿನ ಅಂಕಣದಲ್ಲಿ ಮಾತ್ರ ಬರುವವನು. ಅವಳನ್ನು ಶೋಧಿಸಿದರೆ ಸಿಗುವುದೇನು? ಗಂಡನನ್ನು ಶೋಧಿಸಿ ಅವಳಿಗೆ ಹಣ ನಿಲ್ಲಿಸಿದರೆ, ಅವನ ಕುಡಿತಕ್ಕೆ ಅವಳು ಎರಡನೆಯ ಸಲ ದಂಡ ತೆತ್ತಂತಾಗುವುದಿಲ್ಲವೇ?

ಮೋಸವನ್ನು ಮೋಸದಿಂದಲೇ ಗೆಲ್ಲಲೆಂದು, ಅಮೆರಿಕದ ಕೆಲವು ರಾಜ್ಯಗಳು ಸಾಸಿ ಎಂಬ ಪ್ರಶ್ನಾವಳಿಯ ಮೊರೆಹೊಕ್ಕವು. ಗ್ಲೆನ್ ಮಿಲ್ಲರ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ ರಚಿಸಿದ ಅದರ ವಿಶೇಷವೆಂದರೆ, ಮದ್ಯಮಾದಕಗಳ ಸೊಲ್ಲೇ ಇಲ್ಲದ, ಮೇಲ್ನೋಟಕ್ಕೆ ಸ್ವಭಾವವನ್ನು ವಿಚಾರಿಸುವಂತೆ ತೋರುವ ಗುಪ್ತಪ್ರಶ್ನೆಗಳಿಂದ, ಅಲ್ಲಗಳೆಯುವವರನ್ನೂ ಹಿಡಿಯಬಹುದೆಂಬ ಭರವಸೆ. 2007ರಲ್ಲಿ ಪ್ರಕಟವಾದ ವಿಮರ್ಶಾಲೇಖನವೊಂದು ಲಭ್ಯ ಸಾಕ್ಷ್ಯವನ್ನೆಲ್ಲ ಒಟ್ಟುಮಾಡಿ ನೋಡಿ, ಈ ಗುಪ್ತಪ್ರಶ್ನೆಗಳು ನೇರಪ್ರಶ್ನೆಗಳಿಗಿಂತ ಮೇಲೆಂಬುದಕ್ಕೆ ಆಧಾರವಿಲ್ಲವೆಂದು ಹೇಳಿತು. ಮನಸ್ಸನ್ನು ಹೀಗೆ ಬಗೆದುನೋಡುವುದಕ್ಕೆ ಕಾನೂನಿನ ಮಗ್ಗುಲೂ ಉಂಟು. ನಮ್ಮ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ, ಆರೋಪಿಯ ಸಮ್ಮತಿಯಿಲ್ಲದೆ ಮಂಪರು ಪರೀಕ್ಷೆಯನ್ನೂ ಸುಳ್ಳುಪತ್ತೆ ಯಂತ್ರವನ್ನೂ ಬಳಸಕೂಡದೆಂದು ವಿಧಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸಾರಲ್ಪಟ್ಟಿತು. ಕೊಲೆಯ ಆರೋಪಿಗೆ ದೊರೆಯುವ ಈ ರಕ್ಷೆಯು ಎರಡು ಸಾವಿರ ರೂಪಾಯಿ ಬೇಡುವವಳಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಂಬುದನ್ನು ಕಾನೂನು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚರ್ಚಿಸಲಿ. ನಾವು ಗಣಿತಕ್ಕೆ ಹೋಗೋಣ, ಏಕೆಂದರೆ ಈ ವಿಚಾರದ ತಿರುಳು ಅಲ್ಲಿದೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಹತ್ತರಿಂದ ಎಪ್ಪತ್ತೈದು ವಯಸ್ಸಿನ ಭಾರತೀಯ ಗಂಡಸರಲ್ಲಿ ನೂರಕ್ಕೆ 27.3 ಮಂದಿಯೂ ಹೆಂಗಸರಲ್ಲಿ ನೂರಕ್ಕೆ 1.6 ಮಂದಿಯೂ ಮದ್ಯ ಸೇವಿಸುವವರು. ಹೆಂಗಸರ ಅಂಕಿ ಲಜ್ಜೆಯಿಂದ ಕುಗ್ಗಿರಬಹುದು. ಸದ್ಯಕ್ಕೆ ಅದನ್ನೇ ಹಿಡಿಯೋಣ. ಹತ್ತು ಸಾವಿರ ಯಜಮಾನಿಯರು ಅರ್ಜಿ ಹಾಕಿದರೆ ಅವರಲ್ಲಿ ಕುಡಿಯುವವರು 160. ನಮ್ಮ ಕೈಯಲ್ಲಿರುವ ಶೋಧಕವು, ಕುಡಿಯುವವರಲ್ಲಿ ನೂರಕ್ಕೆ ತೊಂಬತ್ತು ಮಂದಿಯನ್ನು ಹಿಡಿಯುವಷ್ಟು ಸೂಕ್ಷ್ಮವೂ, ಕುಡಿಯದವರಲ್ಲಿ ನೂರಕ್ಕೆ ತೊಂಬತ್ತೈದು ಮಂದಿಯನ್ನು ಸರಿಯಾಗಿ ಬಿಡುಗಡೆ ಮಾಡುವಷ್ಟು ನಿರ್ದಿಷ್ಟವೂ ಆಗಿದೆಯೆಂದು ಉದಾರವಾಗಿ ಭಾವಿಸೋಣ. ಆಗ 160ರಲ್ಲಿ 144 ಮಂದಿ ಸಿಕ್ಕುತ್ತಾರೆ. ಕುಡಿಯದ 9,840 ಮಂದಿಯಲ್ಲಿ ನೂರಕ್ಕೆ ಐವರಂತೆ 492 ಮಂದಿಯೂ ಸಿಕ್ಕುತ್ತಾರೆ. ಒಟ್ಟು ಕಳಂಕಿತರು 636. ಅವರಲ್ಲಿ ನಿಜಕ್ಕೂ ಕುಡಿಯುವವರು ನಾಲ್ವರಲ್ಲಿ ಒಬ್ಬರಿಗೂ ಕಡಮೆ. ನೂರಕ್ಕೆ ತೊಂಬತ್ತೈದು ಸಲ ಸರಿಯಾದ ಪರೀಕ್ಷೆಯೊಂದು, ತಾನು ಬೆರಳು ತೋರಿದ ನಾಲ್ವರಲ್ಲಿ ಮೂವರ ವಿಷಯದಲ್ಲಿ ತಪ್ಪಿರುವುದೆಂಬ ಈ ವಿರೋಧಾಭಾಸವು ಪರೀಕ್ಷೆಯ ದೋಷದಿಂದ ಹುಟ್ಟಿದುದಲ್ಲ; ಹುಡುಕುತ್ತಿರುವ ವಸ್ತು ವಿರಳವಾಗಿರುವುದರಿಂದ ಹುಟ್ಟಿದುದು. ಆಂಗ್ಲ ಪಾದ್ರಿ ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ, 1763ರಲ್ಲಿ, ಅವರ ಮಿತ್ರರು ಪ್ರಕಟಿಸಿದ ಪ್ರಬಂಧದಲ್ಲಿ ಈ ಲೆಕ್ಕದ ಮೂಲಸೂತ್ರವಿದೆ.

ಇಷ್ಟೇ ಸೂಕ್ಷ್ಮವೂ ನಿರ್ದಿಷ್ಟವೂ ಆದ ಶೋಧಕವನ್ನು ಬೇರೆ ಜನಸ್ತೋಮಕ್ಕೆ ಹಚ್ಚಿ ನೋಡಿ. 2024ರಲ್ಲಿ ಹುಬ್ಬಳ್ಳಿ-ಧಾರವಾಡದ ಪೊಲೀಸರು ಗಾಂಜಾ ಸೇವನೆಯ ಶಂಕಿತರನ್ನು ಓಣಿ ಓಣಿಗಳಿಂದ ಕರೆತಂದು ಸಾಮೂಹಿಕವಾಗಿ ಪರೀಕ್ಷೆಗೊಳಪಡಿಸಿದರು. ಹಾಗೆ ಆಯ್ದ ಒಂದು ಸಾವಿರ ಮಂದಿಯಲ್ಲಿ ಅರ್ಧದಷ್ಟು ಜನ ವಾಸ್ತವವಾಗಿ ಸೇವಿಸುವವರೆಂದು ಇಟ್ಟುಕೊಂಡರೆ, 500ರಲ್ಲಿ 450 ಮಂದಿ ಸಿಕ್ಕಿ, ಉಳಿದ 500ರಲ್ಲಿ 25 ಮಂದಿ ತಪ್ಪಾಗಿ ಸಿಕ್ಕಿ, ಬೆರಳು ತೋರಿದ 475 ಮಂದಿಯಲ್ಲಿ ನೂರಕ್ಕೆ ತೊಂಬತ್ತನಾಲ್ಕಕ್ಕೂ ಹೆಚ್ಚು ಜನ ನಿಜವಾಗಿಯೂ ಸೇವಿಸಿದವರೇ ಆಗುತ್ತಾರೆ. ಸೂಕ್ಷ್ಮತೆ ಅದೇ, ನಿರ್ದಿಷ್ಟತೆ ಅದೇ; ಬದಲಾದುದು ಪಟ್ಟಿಯ ಮುಂದೆ ನಿಂತವರು ಮಾತ್ರ. ಶಂಕಿತರನ್ನು ಹೀಗೆ ಒಯ್ಯುವುದು ಎಷ್ಟು ಉಚಿತವೆಂಬುದು ಬೇರೆಯೇ ಜಿಜ್ಞಾಸೆ. ಆದರೆ ಠಾಣೆಯಲ್ಲಿ ದಿಟ ನುಡಿದ ಪಟ್ಟಿ ಯಜಮಾನಿಯರ ಪಾಳಿಯಲ್ಲಿ ಏಕೆ ಸುಳ್ಳಾಡುತ್ತದೆಂಬುದನ್ನು ಅರಿಯಲು ಇಷ್ಟು ಸಾಕು. ಪಾಳಿಯನ್ನೇ ಶೋಧಿಸುವ ಹಂಬಲ ಬೇರೆಡೆಯೂ ಮೂಡಿತ್ತು: ಆಸ್ಟ್ರೇಲಿಯಾದ ಸರ್ಕಾರವು 2017ರಲ್ಲಿ ನಿರುದ್ಯೋಗ ಭತ್ಯೆಗೆ ಹೊಸದಾಗಿ ಅರ್ಜಿಯಿಟ್ಟ 5,000 ಮಂದಿಯನ್ನು ಮೂರು ಊರುಗಳಲ್ಲಿ ಪರೀಕ್ಷಿಸುವ ಯೋಜನೆಯನ್ನು ಮುಂದಿಟ್ಟಾಗ ಅಲ್ಲಿನ ವೈದ್ಯರು ವಿರೋಧಿಸಿದರು. ಮಸೂದೆ ಸೆನೆಟ್ಟನ್ನು ದಾಟಲೇ ಇಲ್ಲ.

ಧಾರವಾಡದವರಿಗೆ ಅರ್ಜಿ, ಮದ್ಯ, ದೇಹಪರೀಕ್ಷೆ ಈ ಮೂರರ ಸಂಬಂಧ ತೀರ ಅಪರಿಚಿತವೇನಲ್ಲ. 1956ರ ನವೆಂಬರಿನವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದ್ದಾಗಿತ್ತು. 1949ರ ಮುಂಬಯಿ ಪಾನನಿರೋಧ ಶಾಸನ ಇಲ್ಲಿಗೂ ಅನ್ವಯಿಸುತ್ತಿತ್ತು. ಆ ಶಾಸನದಂತೆ ಕುಡಿಯಬಯಸುವವನು ಪರವಾನಗಿಗಾಗಿ ಅರ್ಜಿ ಹಾಕಬೇಕು; ಆರೋಗ್ಯಕ್ಕೆ ಮದ್ಯ ಅವಶ್ಯವೆಂಬ ವೈದ್ಯರ ಪ್ರಮಾಣಪತ್ರ ತರಬೇಕು. ಇಂದು ಕುಡಿಯುವುದಿಲ್ಲವೆಂದು ದೇಹದಿಂದ ರುಜುವಾತು ಕೊಟ್ಟರೆ ಹಣ ಕೊಡೋಣವೆನ್ನುವವರ ಅಜ್ಜಂದಿರ ಕಾಲದಲ್ಲಿ, ಕುಡಿಯಲೇಬೇಕೆಂದು ದೇಹದಿಂದ ರುಜುವಾತು ಕೊಟ್ಟರೆ ಬಾಟಲಿ ದೊರೆಯುತ್ತಿತ್ತು. ವ್ಯಾಧಿಗಳು ಆ ಕಾಲದಲ್ಲಿ ಎಷ್ಟು ಬೇಗ ಉಲ್ಬಣಿಸುತ್ತಿದ್ದುವೆಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಹಾಗಾದರೆ ಶೋಧನೆಯೇ ವ್ಯರ್ಥವೆ? ಅಲ್ಲ. 1968ರಲ್ಲಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಪುಸ್ತಕದಲ್ಲಿ, ಶೋಧನೆಗೆ ಮುಂಚೆ ಇರಬೇಕಾದ ಷರತ್ತುಗಳನ್ನು ನಿರೂಪಿಸಿದರು. ಅವುಗಳ ಪೈಕಿ ಮುಖ್ಯವಾದುದು, ಪತ್ತೆಯಾದವನಿಗೆ ಅಂಗೀಕೃತವಾದ ಚಿಕಿತ್ಸೆ ಲಭ್ಯವಿರಬೇಕೆಂಬುದು. ಇದಕ್ಕೆ ನವನಗರದ ಆಸ್ಪತ್ರೆ ಕಾಣುವ ಬಾಯಿಕ್ಯಾನ್ಸರಿಗಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ. ಎಲೆ, ಅಡಿಕೆ, ತಂಬಾಕುಗಳನ್ನು ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ರೂಢಿ ನಮ್ಮ ಭಾಗದ ಗಂಡಸರಲ್ಲಷ್ಟೇ ಅಲ್ಲ, ಹೆಂಗಸರಲ್ಲಿಯೂ ಉಂಟು. ಗುಟ್ಕಾ ಮಾರಾಟವನ್ನು ರಾಜ್ಯವು 2013ರಲ್ಲಿ ನಿಷೇಧಿಸಿದ್ದರೂ ಪಾನಶಾಪಿನ ಮುಂದೆ ತೋರಣದಂತೆ ತೂಗುವ ಜೋಡಿ ಪೊಟ್ಟಣಗಳು ನಿಷೇಧದ ಬುದ್ಧಿಗಿಂತ ಒಂದು ಹೆಜ್ಜೆ ಮುಂದಿವೆ. ತಿರುವನಂತಪುರದಲ್ಲಿ 1996ರಿಂದ ನಡೆದ, 2005ರಲ್ಲಿ ಪ್ರಕಟವಾದ ಮಹಾಪ್ರಯೋಗವೊಂದರಲ್ಲಿ, ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಕೇವಲ ಟಾರ್ಚಿನ ಬೆಳಕಿನಲ್ಲಿ ಬಾಯಿ ನೋಡಿದುದರಿಂದಲೇ, ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಕ್ಯಾನ್ಸರಿನ ಸಾವುಗಳು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ತಗ್ಗಿದವು. ಎರಡನ್ನೂ ಸೇವಿಸದವರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ವಸ್ತು ವಿರಳವಾದಲ್ಲಿ ಶೋಧನೆ ಬಡವಾಗುತ್ತದೆಂಬ ನಿಯಮ ಇಲ್ಲಿಯೂ ತಪ್ಪಲಿಲ್ಲ. ಸೇವಿಸುವವನು ಬಾಯಿ ತೆರೆಯಲು ಒಪ್ಪಿದುದಾದರೂ ಏಕೆ? ತೆರೆದರೆ ಕಳೆದುಕೊಳ್ಳುವಂಥದು ಏನೂ ಇರಲಿಲ್ಲ. ಇದೇ ಬಾಯಿಯ ತಪಾಸಣೆಯನ್ನು ವೃದ್ಧಾಪ್ಯ ವೇತನದ ಷರತ್ತಾಗಿ ಮಾಡಿ ನೋಡಿ. ತಂಬಾಕಿನ ಕಲೆಯನ್ನು ಉಜ್ಜಿ ತೆಗೆಯುವ ಪುಡಿ ತಾಲೂಕು ಕಚೇರಿಯ ಎದುರಿನ ಗೂಡಂಗಡಿಯಲ್ಲಿ ಮರುದಿನವೇ ಮಾರಾಟಕ್ಕೆ ಬಂದೀತು.

ಮದ್ಯಮಾದಕಗಳ ವಿಷಯದಲ್ಲಿಯೂ ಇಂಥ ಉಪಕಾರಿ ಶೋಧನೆಯ ಮಾದರಿಯುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಸಿಸ್ಟ್ ಎಂಬ ಎಂಟು ಪ್ರಶ್ನೆಗಳ ಪಟ್ಟಿಯು ತಂಬಾಕಿನಿಂದ ಅಫೀಮಿನವರೆಗೆ ಪ್ರತಿಯೊಂದು ಪದಾರ್ಥಕ್ಕೂ ಬೇರೆ ಬೇರೆ ಅಂಕವನ್ನು ಕೊಡುತ್ತದೆ. ಮದ್ಯದಲ್ಲಿ ಹನ್ನೊಂದರಿಂದ ಇಪ್ಪತ್ತಾರರ ನಡುವೆ ಅಂಕ ಬಂದವನಿಗೆ ಕೆಲವು ನಿಮಿಷಗಳ ಹಿತವಚನ ಸಾಕೆನ್ನುತ್ತದೆ ಅದರ ಕೈಪಿಡಿ; ಇಪ್ಪತ್ತೇಳನ್ನು ಮುಟ್ಟಿದವನನ್ನು ತಜ್ಞರಲ್ಲಿಗೆ, ನಮ್ಮ ಕಡೆಯಾದರೆ ಧಾರವಾಡದ ಡಿಮ್ಹಾನ್ಸಿನಂಥ ಮಾನಸಿಕ ಆರೋಗ್ಯ ಸಂಸ್ಥೆಗೆ, ಕಳುಹಿಸಬೇಕು. ಭಾರತ, ಬ್ರೆಜಿಲ್, ಆಸ್ಟ್ರೇಲಿಯಾ, ಅಮೆರಿಕ ಈ ನಾಲ್ಕು ದೇಶಗಳಲ್ಲಿ 731 ಮಂದಿಯ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಷ್ಟೇ ಅಲ್ಪ ಮಾತುಕತೆಯಿಂದ ಮೂರು ತಿಂಗಳಲ್ಲಿ ಅಂಕಗಳು ಇಳಿದವು, ಅಮೆರಿಕವೊಂದನ್ನುಳಿದು. ಸಂದರ್ಶನ ಮುಗಿದಾಗ ಅಂಕಗಳನ್ನು ಬರೆದ ಚೀಟಿಯನ್ನು ಕಡತಕ್ಕೆ ಹಚ್ಚದೆ, ಉತ್ತರ ಕೊಟ್ಟವನ ಕೈಗೇ, ಮನೆಗೆ ಒಯ್ಯಲೆಂದು ಕೊಡಬೇಕೆಂಬುದೂ ಆ ಪದ್ಧತಿಯ ಒಂದು ಅಂಗ.